ಮಿಸ್‌ಗೈಡೆಡ್ ಅಂದರೆ ಯಾರೋ ದಾರಿ ತಪ್ಪಿಸಿದ್ದಾರೆ ಅಂತಲೇ?

"ಮಿಸ್‌ಗೈಡೆಡ್ ಅಟೆಂಪ್ಟ್" ಅನ್ನುವ ಮಾತು ಓದಿ, ಇಲ್ಲಿ ದಾರಿ ತಪ್ಪಿಸಿದವರು ಯಾರು ಅಂತ ಕೇಳಿದ್ದೀರಿ. ಯಾರೂ ಇರಬೇಕಾಗಿಲ್ಲ. ಪದದ ಒಳಗೆ "ಗೈಡ್" ಇದೆ ನಿಜ. ಆದರೆ ಈಗಿನ ಬಳಕೆಯಲ್ಲಿ ಇದು ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಕೆಲಸಕ್ಕೋ ನಂಬಿಕೆಗೋ ಹೇಳುವ ಮಾತು. ಬೇರೆಯವರು ಸುಳ್ಳು ಹೇಳಿ ನಂಬಿಸಿದ್ದರೆ "ಮಿಸ್‌ಲೆಡ್" ಅನ್ನಿ.

ಒಂದು ಕುಂಡದ ಗಿಡ ಬಾಡಿದೆ ಅಂದುಕೊಳ್ಳಿ. ನೀರು ಸಾಲುತ್ತಿಲ್ಲ ಅಂತ ಒಬ್ಬರು ದಿನಕ್ಕೆ ಮೂರು ಸಲ ಹುಯ್ಯುತ್ತಾರೆ. ಎಲೆ ಇನ್ನಷ್ಟು ಹಳದಿಯಾದರೆ ಇನ್ನೊಂದು ಚೊಂಬು. ನಿಜಕ್ಕೂ ನೀರು ಜಾಸ್ತಿಯಾಗಿಯೇ ಬೇರು ಕೊಳೆಯುತ್ತಿದೆ. ಅವರ ಅಕ್ಕರೆ ಸುಳ್ಳಲ್ಲ ಅಲ್ವಾ? ತಿಳಿದುಕೊಂಡಿದ್ದು ತಪ್ಪು, ಅಷ್ಟೇ. ಇದು ಮಿಸ್‌ಗೈಡೆಡ್. ಗಿಡ ಸಾಯಲಿ ಅಂತ ಬೇಕಂತಲೇ ಹುಯ್ದರೆ ಈ ಪದ ಹೊಂದುವುದಿಲ್ಲ. ಅದಕ್ಕೇ "ವೆಲ್ ಇಂಟೆನ್ಷನ್ಡ್ ಬಟ್ ಮಿಸ್‌ಗೈಡೆಡ್" (ಉದ್ದೇಶ ಒಳ್ಳೆಯದೇ, ತಿಳಿವಳಿಕೆ ತಪ್ಪು) ಅನ್ನುವ ಜೋಡಿ ಅಷ್ಟು ಸಲ ಕಣ್ಣಿಗೆ ಬೀಳುವುದು.

ಲಾಯಲ್ಟಿ, ಪಾಲಿಸಿ ಇಂಥ ಪದಗಳಿಗೆ ಮುಂಚೆಯೂ ಇದು ಬರುತ್ತದೆ, "ಮಿಸ್‌ಗೈಡೆಡ್ ಲಾಯಲ್ಟಿ" ಅನ್ನುವ ಹಾಗೆ. ಆದರೆ ಎದುರಿಗಿರುವವರಿಗೆ "ಯೂ ಆರ್ ಮಿಸ್‌ಗೈಡೆಡ್" ಅನ್ನುವ ಮುಂಚೆ ಯೋಚಿಸಿ. ನಿಮಗೆ ತಿಳಿವಳಿಕೆ ಸಾಲದು ಅಂದ ಹಾಗೆ ಚುಚ್ಚುತ್ತದೆ. ಸುಮ್ನೆ ತಾರೀಕು ತಪ್ಪು ಹೇಳಿದವರಿಗೆ "ಮಿಸ್ಟೇಕನ್" ಸಾಕು.

ಕನ್ನಡಕ್ಕೆ ತರುವಾಗ "ದಾರಿ ತಪ್ಪಿದ" ಅಂತ ಹಾಕಬೇಡಿ. ನಮ್ಮಲ್ಲಿ ಅದು ನಡತೆ ಕೆಟ್ಟವರಿಗೆ ಹೇಳುವ ಮಾತು. "ತಪ್ಪು ತಿಳಿದು ಮಾಡಿದ ಪ್ರಯತ್ನ" ಅನ್ನುವುದು ನನಗಂತೂ ಸರಿ ಅನ್ನಿಸುತ್ತದೆ.