ಗಾಜಿನ ಬಗ್ಗೆ ಬರೆಯುವ ಮೊದಲು ಗೋಡೆಯನ್ನು ನೋಡಿ

ನಮಸ್ಕಾರ.

ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ಮೇಲ್ಮನವಿ ನ್ಯಾಯಾಲಯದ ಕಟ್ಟಡದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಕೈಬಿಡುವಂಥದ್ದಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅರ್ಧ ಲೇಖನ ಅಮೃತಶಿಲೆ, ಮೊಸಾಯಿಕ್‌ಗಳ ವರ್ಣನೆಗೇ ಹೋಗಿದೆ. ಒಂದು ಪ್ಯಾರಾ ಸಾಕು. 1905ರಲ್ಲಿ ಮುಗಿದ ಈ ಕಟ್ಟಡ ಮರುವರ್ಷದ ಭೂಕಂಪ, ಬೆಂಕಿ ಎರಡನ್ನೂ ತಡೆದುಕೊಂಡಿತು. ಒಳಗೇ ಉಳಿದು ಬೆಂಕಿಯೊಡನೆ ಹೋರಾಡಿದವರು ಆಗ ಅದೇ ಕಟ್ಟಡದಲ್ಲಿದ್ದ ಅಂಚೆ ಕಚೇರಿಯ ನೌಕರರು. ಅವರಿಗೆ ನೀವು ಒಂದೇ ಸಾಲು ಕೊಟ್ಟಿದ್ದೀರಿ!

1989ರ ಭೂಕಂಪದಲ್ಲಿ ಹಾನಿಯಾದ ಮೇಲೆ ‘ಆಧುನಿಕ ತಂತ್ರಜ್ಞಾನದಿಂದ ಭದ್ರಪಡಿಸಲಾಯಿತು’ ಎಂದು ಬರೆದು ಮುಂದೆ ಹೋಗಿದ್ದೀರಿ. ಹೇಗೆ ಅಂತ ಓದುಗರು ಕೇಳುವುದಿಲ್ಲವೇ? ಕಟ್ಟಡದ ಭಾರವನ್ನು ಜ್ಯಾಕ್‌ಗಳ ಮೇಲೆ ಹೊರಿಸಿ, ಕಂಬಗಳ ಬುಡ ಕತ್ತರಿಸಿ, ಅಲ್ಲಿ ನೆಲದ ನಡುಕ ಮೇಲಕ್ಕೆ ಹೋಗುವುದನ್ನು ತಗ್ಗಿಸುವ 256 ಐಸೋಲೇಟರ್‌ಗಳನ್ನು ಕೂರಿಸಿದರು. ತಗ್ಗಾದ ಉಕ್ಕಿನ ತಟ್ಟೆ, ಅದರೊಳಗೆ ಜಾರುವ ಬಿಲ್ಲೆ. ನೆಲ ನಡುಗಿದಾಗ ಇಡೀ ಕಟ್ಟಡ ಉಯ್ಯಾಲೆಯ ಹಾಗೆ ನಿಧಾನವಾಗಿ ತೂಗುತ್ತದೆ. 1996ರಲ್ಲಿ ನ್ಯಾಯಾಲಯ ಮತ್ತೆ ತೆರೆಯಿತು. ಲೇಖನದ ಜೀವ ಇಲ್ಲೇ ಇದೆ.

ಇನ್ನು, ‘ದಪ್ಪ ಗೋಡೆಗೆ ಒಡೆಯದ ಗಾಜು ಹಾಕಿದರೆ ಬಾಂಬಿನ ಭಯವಿಲ್ಲ’ ಎಂಬ ಮಾತು ತಪ್ಪು. ಅಪಾಯಕಾರಿ ತಪ್ಪು ಕೂಡ. ಇಟ್ಟಿಗೆ ಗೋಡೆ ಮೇಲಿನ ಭಾರವನ್ನು ಚೆನ್ನಾಗಿ ಹೊರುತ್ತದೆ, ಪಕ್ಕದಿಂದ ಬರುವ ಹೊಡೆತಕ್ಕೆ ಸೋಲುತ್ತದೆ. ಗಾಜು ಒಡೆಯದಿದ್ದರೆ ಆ ಹೊಡೆತ ಚೌಕಟ್ಟಿಗೆ, ಚೌಕಟ್ಟಿನಿಂದ ಗೋಡೆಗೆ ಹೋಗುತ್ತದೆ. ಆಗ ಗೋಡೆಯೇ ಒಳಗೆ ಬೀಳಬಹುದು. ಅದಕ್ಕೇ ಬಿರುಕು ಬಿಟ್ಟರೂ ಚೂರು ಉದುರದ, ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು ಹಾಕುತ್ತಾರೆ. ಗೋಡೆ ಎಷ್ಟು ತಡೆದೀತು ಎಂದು ಮೊದಲು ಲೆಕ್ಕ ಹಾಕಿ, ಬೇಕಾದರೆ ಅದರ ಹಿಂದೆ ಉಕ್ಕಿನ ಆಸರೆ ನಿಲ್ಲಿಸುತ್ತಾರೆ.

ಅಮೆರಿಕದ ಒಕ್ಲಹೋಮಾ ಸಿಟಿಯ ಬಾಂಬ್ ಸ್ಫೋಟವನ್ನು ‘ಹಳೆ ಕಟ್ಟಡಗಳ ದೌರ್ಬಲ್ಯ’ಕ್ಕೆ ಸಾಕ್ಷಿ ಮಾಡಿದ್ದೀರಿ. 1995ರಲ್ಲಿ ಅಲ್ಲಿ ಸತ್ತ 168 ಜನರಲ್ಲಿ ಹೆಚ್ಚಿನವರು ಇದ್ದದ್ದು 1970ರ ದಶಕದ ಕಾಂಕ್ರೀಟ್ ಕಟ್ಟಡದಲ್ಲಿ. ಸ್ಫೋಟಕ ತುಂಬಿದ ಟ್ರಕ್ ಕಟ್ಟಡದ ಪಕ್ಕದಲ್ಲೇ ನಿಂತಿತ್ತು. ಎಲ್ಲಕ್ಕಿಂತ ದೊಡ್ಡ ರಕ್ಷಣೆ ಎಂದರೆ ಸ್ಫೋಟಕ್ಕೂ ಕಟ್ಟಡಕ್ಕೂ ನಡುವಿನ ಅಂತರ. ಆದರೆ ರಸ್ತೆಗೆ ಅಂಟಿಕೊಂಡಿರುವ ಹಳೆ ಕಟ್ಟಡವನ್ನು ಹಿಂದೆ ಸರಿಸಲು ಆಗುವುದಿಲ್ಲ ಅಲ್ವಾ? ಹಾಗಾಗಿ ಫುಟ್‌ಪಾತ್ ಅಂಚಿಗೆ ಗಟ್ಟಿ ಕಂಬ ನೆಟ್ಟು ವಾಹನ ತಡೆಯುತ್ತಾರೆ. ಇದನ್ನು ವಿವರವಾಗಿ ಬರೆಯಿರಿ.

ಕೊನೆಯಲ್ಲಿ ಬೆಂಗಳೂರಿನ ಅಠಾರ ಕಚೇರಿಯನ್ನು ಸುಮ್ನೆ ಹೆಸರಿಗೆ ತಂದಿದ್ದೀರಿ. ಅದನ್ನು ತೆಗೆದುಬಿಡಿ. ಹಳೆ ಕಟ್ಟಡಗಳನ್ನು ರಿಪೇರಿ ಮಾಡಿದ ಎಂಜಿನಿಯರ್ ಒಬ್ಬರಿಗೆ ಗೋಡೆಯ ಭಾಗ ತೋರಿಸಿ, ತಿದ್ದಿ ಮತ್ತೆ ಕಳಿಸಿ.