ಸಿನಿಮಾದ ಆಸರೆಯಿಲ್ಲದ ಕನ್ನಡ ರಾಕ್ ತಂಡಕ್ಕೆ ಊರುಗಳಲ್ಲಿ ನಿಜವಾಗಿಯೂ ಅಭಿಮಾನಿಗಳಿದ್ದಾರೆಯೇ, ಅಥವಾ ಅದು ಬೆಂಗಳೂರಿನ ಶೋಕಿಯೇ?

ಇದ್ದಾರೆ, ಆದರೆ ನೀವು ಹುಡುಕುತ್ತಿರುವ ಬಗೆಯ ಅಭಿಮಾನಿಗಳಲ್ಲ. ರಘು ದೀಕ್ಷಿತ್ ಪ್ರಾಜೆಕ್ಟ್ ತಂಡವೊಂದನ್ನೇ ಹಿಡಿದು ಹೇಳುತ್ತೇನೆ. ಅವರ ಹಾಡುಗಳನ್ನು ಹುಬ್ಬಳ್ಳಿಯ ಕಡೆಯೂ ಮೈಸೂರಿನ ಕಡೆಯೂ ಕೇಳಿದ್ದೇನೆ. ಎರಡೂ ಕಡೆ ಜನ ಮೈದುಂಬಿ ಎದ್ದದ್ದು ಬೇರೆ ಬೇರೆ ಹಾಡಿಗೆ.

2008ರಲ್ಲಿ ಬಂದ ಅವರ ಮೊದಲ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಕನ್ನಡದವು ಎರಡೇ. ಎರಡೂ ಶಿಶುನಾಳ ಶರೀಫರ ತತ್ತ್ವಪದಗಳು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’. ಶಿಶುನಾಳ ಇರುವುದು ಇಂದಿನ ಹಾವೇರಿ ಜಿಲ್ಲೆಯಲ್ಲಿ. ನಮ್ಮ ಕಡೆ ಈ ಪದಗಳನ್ನು ಯಾರೂ ಕಲಿಯುವುದಿಲ್ಲ. ಭಜನೆ ನಡೆಯುವ ಗುಡಿಯ ಕಟ್ಟೆಯ ಮೇಲೆ ನಿದ್ದೆ ಹೋದ ಮಕ್ಕಳ ಕಿವಿಗೆ ತಾವಾಗಿಯೇ ಇಳಿಯುತ್ತವೆ. ನಗರದ ಕೇಳುಗರಿಗೆ ಗಾಯಕ ಸಿ. ಅಶ್ವತ್ಥರ ಕಂಠ ಇವನ್ನು ಮೊದಲೇ ಮುಟ್ಟಿಸಿತ್ತು.

ಒಮ್ಮೆ ಕಾಲೇಜು ಮೈದಾನದ ಕಾರ್ಯಕ್ರಮಕ್ಕೆ ಅಜ್ಜಿಯನ್ನೂ ಕರೆದುಕೊಂಡು ಹೋಗಿದ್ದೆ. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಕೈಯಲ್ಲಿ ಗಿಟಾರು: ರಘು ಅವರ ವೇಷ ನೋಡಿ ಅಜ್ಜಿ ಸೆರಗು ಬಾಯಿಗೆ ಹಿಡಿದು ನಕ್ಕರು. ಡ್ರಮ್ಸ್ ಶುರುವಾದಾಗ ಕಿವಿ ಮುಚ್ಚಿಕೊಂಡರು. ಗುಡುಗುಡಿಯ ಪಲ್ಲವಿ ಬಂತು ನೋಡಿ, ಒಂದು ಕೈ ಕಿವಿ ಬಿಟ್ಟು ತೊಡೆಯ ಮೇಲೆ ತಾಳ ಹಾಕತೊಡಗಿತು. ಇನ್ನೊಂದು ಕೈ ಕಿವಿಯ ಮೇಲೇ ಇತ್ತು! ಮನೆಗೆ ಬಂದ ಮೇಲೆ ಅವರು ಕೊಟ್ಟ ತೀರ್ಪು ಇಷ್ಟು: ಓಟ ಜಾಸ್ತಿಯಾಯಿತು, ಆದರೆ ಹುಡುಗ ಅಕ್ಷರ ನುಂಗಲಿಲ್ಲ. ತಂಡದ ಹೆಸರನ್ನು ಅವರು ಕೇಳಲೂ ಇಲ್ಲ.

ಮೈಸೂರು, ಚಾಮರಾಜನಗರದ ಕಡೆ ಹೋದರೆ ಶರೀಫರ ಜಾಗದಲ್ಲಿ ಮಾದಪ್ಪ ಇದ್ದಾನೆ. ‘ನಿನ್ನ ಪೂಜೆಗೆ ಬಂದೆ ಮಾದೇಶ್ವರ’ ಎತ್ತಿಕೊಂಡರೆ ಸಾಕು, ಹಿಂದಿನ ಸಾಲಿನಿಂದ ‘ಉಘೇ’ ಎಂಬ ಕೂಗು ಏಳುತ್ತದೆ. ಇಲ್ಲಿ ನಿಮ್ಮ ಪ್ರಶ್ನೆಗೆ ಸ್ವಲ್ಪ ತಿದ್ದುಪಡಿ ಬೇಕು. ಆ ಹಾಡು ಹರಡಿದ್ದು ‘ಸೈಕೋ’ ಎಂಬ ಸಿನಿಮಾದ ಮೂಲಕ, ಅದೂ 2008ರಲ್ಲೇ. ಹಾಗಾಗಿ ಸಿನಿಮಾದ ಆಸರೆ ಇಲ್ಲವೇ ಇಲ್ಲ ಎನ್ನಲಾಗದು. ಆದರೆ ಆ ಚಿತ್ರದ ಕಥೆ ಕೇಳಿದರೆ ನನ್ನ ಪರಿಚಯದವರಲ್ಲಿ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಹಾಡು ಮಾತ್ರ ಗಣಪತಿ ಪೆಂಡಾಲುಗಳಲ್ಲಿ ಇಂದಿಗೂ ಮೊಳಗುತ್ತದೆ.

2010ರಲ್ಲಿ ಅವರು ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದಾಗ ಬೆಂಗಳೂರಿನ ಗೆಳೆಯರು ಹಿಗ್ಗಿಹೋದರು. ನಮ್ಮೂರಿನಲ್ಲಿ ಅದು ಸುದ್ದಿಯೇ ಆಗಲಿಲ್ಲ. ಈ ಜನ ಆಲ್ಬಂ ಕೊಳ್ಳುವವರಲ್ಲ, ಅಂಗಿಯ ಮೇಲೆ ತಂಡದ ಹೆಸರು ಅಚ್ಚು ಹಾಕಿಸಿಕೊಂಡು ತಿರುಗುವವರೂ ಅಲ್ಲ. ತಂಡಕ್ಕಿಂತ ಮೊದಲೇ ಅವರು ಆ ಪದಗಳ ಕಡೆಯವರು. ಬೇರೆ ತಂಡ ಬಂದು ಅದೇ ಪದವನ್ನು ಕೆಡಿಸದೆ ಹಾಡಿದರೆ ಅಲ್ಲಿಯೂ ತಾಳ ಹಾಕುತ್ತಾರೆ. ತಂಡಕ್ಕೆ ಇದು ಲಾಭವೋ ನಷ್ಟವೋ, ಲೆಕ್ಕ ನೋಡುವವರು ಹೇಳಬೇಕು.

ನೀವೇ ನೋಡಬೇಕೆಂದಿದ್ದರೆ ಜಿಲ್ಲಾ ಉತ್ಸವದಂತಹ ಉಚಿತ ಕಾರ್ಯಕ್ರಮಕ್ಕೆ ಹೋಗಿ. ವೇದಿಕೆಯ ಮುಂದೆ ಮೊಬೈಲ್ ಎತ್ತಿ ಹಿಡಿದವರ ನಡುವೆ ನಿಲ್ಲಬೇಡಿ. ಹಿಂದೆ, ಕಡಲೆಕಾಯಿ ಗಾಡಿಯ ಪಕ್ಕದಲ್ಲಿ ನಿಂತುಕೊಳ್ಳಿ.