ಪಾಪು ಆಗಲೇ ಆರಿಸಿಕೊಂಡಿದ್ದಾಳೆ

ಓದುಗರ ಪತ್ರ: "ನಮ್ಮ ಮಗಳಿಗೆ ಎರಡು ವರ್ಷ ಮೂರು ತಿಂಗಳು. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಹುಟ್ಟಿದಾಗಿನಿಂದ ಅವಳನ್ನು ಮಲಗಿಸುತ್ತಿದ್ದವರು ನಮ್ಮ ಅತ್ತೆ. ಮಾವನವರಿಗೆ ಮಂಡಿ ಆಪರೇಷನ್ ಆದ ಮೇಲೆ ಅತ್ತೆ ಅರಸೀಕೆರೆ ಹತ್ತಿರದ ಊರಿಗೆ ಹೋಗಿ ಆರು ವಾರವಾಯಿತು. ಅಂದಿನಿಂದ ಪಾಪು ರಾತ್ರಿ ಹನ್ನೊಂದಕ್ಕೆ ಮೊದಲು ಮಲಗುವುದಿಲ್ಲ. ಮಧ್ಯೆ ಎರಡು ಮೂರು ಸಲ ಎದ್ದು ಅಳುತ್ತಾಳೆ. ನನ್ನ ದುಪಟ್ಟಾ ಎಳೆದುಕೊಂಡು ಅಂಚನ್ನು ಬೆರಳಲ್ಲಿ ಹೊಸೆಯುತ್ತಾಳೆ, ಆಮೇಲೆ ಎಸೆದುಬಿಡುತ್ತಾಳೆ. ಕೊನೆಗೆ ಫೋನಿನಲ್ಲಿ ಹಾಡು ಹಾಕಿ ಕೊಡುತ್ತೇವೆ. ಗೆಳತಿಯೊಬ್ಬಳು ಹೇಳಿದಳೆಂದು ದೊಡ್ಡ ಟೆಡ್ಡಿ ತಂದೆ, ಅದನ್ನು ಮುಟ್ಟುವುದೂ ಇಲ್ಲ. ಯಾವ ಗೊಂಬೆ ತರಲಿ? ಚನ್ನಪಟ್ಟಣದ್ದು ಆಗುತ್ತದಾ? 'ಇದೆಲ್ಲ ಅಭ್ಯಾಸ ಮಾಡಿಸಿದರೆ ದೊಡ್ಡವಳಾದರೂ ಬಿಡಲ್ಲ' ಅನ್ನುತ್ತಾರೆ ನಮ್ಮವರು."
– ಹೆಸರು ಬೇಡವೆಂದ ಓದುಗರು, ಬನಶಂಕರಿ, ಬೆಂಗಳೂರು

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರನೇ ಸಲ ಕಣ್ಣು ನಿಂತದ್ದು ಟೆಡ್ಡಿಯ ಮೇಲಲ್ಲ, ದುಪಟ್ಟಾದ ಮೇಲೆ. ಅಂಚನ್ನು ಬತ್ತಿ ಹೊಸೆದ ಹಾಗೆ ಹೊಸೆದು ನೋಡುತ್ತಾಳೆ, ಆಮೇಲೆ ಎಸೆಯುತ್ತಾಳೆ. ಅಂದರೆ ಅವಳು ಏನನ್ನೋ ಹುಡುಕುತ್ತಿದ್ದಾಳೆ. ಸಿಕ್ಕಿದ್ದು ಅದಲ್ಲ ಅಂತ ಗೊತ್ತಾಗಿ ಬಿಡುತ್ತಿದ್ದಾಳೆ.

ನಿಮ್ಮ ಅತ್ತೆ ಮನೆಯಲ್ಲಿ ಹತ್ತಿ ಸೀರೆ ಉಡುತ್ತಿದ್ದರಾ? ಮಲಗುವಾಗ ಪಾಪುವಿನ ಕೈ ಅವರ ಸೆರಗಿನಲ್ಲಿ ಇರುತ್ತಿತ್ತಾ? ನನಗೆ ಹಾಗೇ ಅನ್ನಿಸುತ್ತಿದೆ. ಅದು ಸರಿಯಿದ್ದರೆ ನೀವು ಅಂಗಡಿ ಅಂಗಡಿ ಸುತ್ತಬೇಕಾಗಿಲ್ಲ. ಪಾಪು ಆಗಲೇ ಆರಿಸಿಕೊಂಡಿದ್ದಾಳೆ. ಆ ವಸ್ತು ಈಗ ಅರಸೀಕೆರೆಯ ಹತ್ತಿರ ಇದೆ, ಅಷ್ಟೇ.

ನನ್ನ ಮಗನದ್ದು ಒಂದು ಹಳೇ ದಿಂಬಿನ ಕವರ್ ಆಗಿತ್ತು. ಕವರ್ ಕೂಡ ಅಲ್ಲ, ಅದರ ಒಂದು ಮೂಲೆ. ಆ ಮೂಲೆಯನ್ನು ಮೂಗಿನ ಕೆಳಗಿಟ್ಟು ಉಜ್ಜಿಕೊಂಡೇ ನಿದ್ದೆ ಹೋಗುತ್ತಿದ್ದ. ಅದಕ್ಕೆ ಅವನಿಟ್ಟ ಹೆಸರೂ 'ಮೂಲೆ'. ಗೌರಿ ಹಬ್ಬದ ಹಿಂದಿನ ದಿನ ಮನೆಯನ್ನೆಲ್ಲ ತೊಳೆಯುವ ಭರದಲ್ಲಿ ನಾನು ಅದನ್ನೂ ವಾಷಿಂಗ್ ಮೆಷಿನ್ನಿಗೆ ಹಾಕಿದೆ. ಘಮಘಮ ಅನ್ನುವ ಫ್ಯಾಬ್ರಿಕ್ ಕಂಡೀಷನರನ್ನೂ ಹಾಕಿದೆ. ರಾತ್ರಿ ಅವನ ಕೈಗೆ ಕೊಟ್ಟರೆ ಒಂದು ಸಲ ಮೂಸಿ ನೋಡಿ ನನಗೇ ವಾಪಸ್ ಕೊಟ್ಟ. "ಇದಲ್ಲ" ಅಂದ. ಅವತ್ತು ಅವನು ಅತ್ತದ್ದು ಇವತ್ತಿಗೂ ನನಗೆ ಮರೆತಿಲ್ಲ. ಮತ್ತೆ ಅದು 'ಮೂಲೆ' ಆಗಲು ಹತ್ತು ದಿನ ಹಿಡಿಯಿತು. ಹಬ್ಬದ ಆ ಹತ್ತು ದಿನವೂ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.

ಇದೆಲ್ಲ ಯಾಕೆ ಹೀಗೆ ಎಂದು ನನಗೆ ಅರ್ಥವಾದದ್ದು ಆಮೇಲೆ, ಡೊನಾಲ್ಡ್ ವಿನಿಕಾಟ್ ಬರೆದದ್ದನ್ನು ಓದಿದಾಗ. ಅವರು ಇಂಗ್ಲೆಂಡಿನ ಮಕ್ಕಳ ಡಾಕ್ಟರು, ಮನೋವಿಶ್ಲೇಷಕರೂ ಹೌದು. ಕಂಬಳಿ ಚೂರು, ಬಟ್ಟೆ, ಮೆತ್ತನೆ ಗೊಂಬೆ, ಹೀಗೆ ಮಕ್ಕಳು ಅಂಟಿಕೊಳ್ಳುವ ವಸ್ತುಗಳ ಬಗ್ಗೆ 1951ರಲ್ಲಿ ಮಾತಾಡಿದರು, 1953ರಲ್ಲಿ ಅದು ಅಚ್ಚಾಯಿತು. ತಾಯಿಗೂ ಹೊರಗಿನ ಪ್ರಪಂಚಕ್ಕೂ ನಡುವೆ ಮಗು ತಾನೇ ಹಾಕಿಕೊಳ್ಳುವ ಸೇತುವೆ ಅದು ಎಂಬುದು ಅವರ ಮಾತಿನ ತಿರುಳು. ಅದರ ಮೇಲಿನ ಹಕ್ಕು ಮಗುವಿನದ್ದು. ಅದು ಕೊಳೆಯಾದರೂ, ವಾಸನೆ ಬಂದರೂ ತಾಯಂದಿರು ಸುಮ್ನೆ ಬಿಡುತ್ತಾರೆ, ಒಗೆದರೆ ಏನೋ ಕಡಿದುಹೋಗುತ್ತದೆ ಅಂತ ಅವರಿಗೆ ಗೊತ್ತು ಎಂದೂ ಬರೆದಿದ್ದಾರೆ. ನನಗೆ ಗೊತ್ತಿರಲಿಲ್ಲ.

ಇದು ವಿದೇಶದ ಪದ್ಧತಿ, ನಮಗಲ್ಲ ಅನ್ನುವವರಿದ್ದಾರೆ. ಅದರಲ್ಲಿ ಅರ್ಧ ನಿಜವಿದೆ. 1976ರಲ್ಲಿ ಅಮೆರಿಕ ಮತ್ತು ಕೊರಿಯಾದ ಮಕ್ಕಳನ್ನು ಹೋಲಿಸಿದ ಅಧ್ಯಯನವೊಂದು ಬಂತು. ತಾಯಿಯ ಪಕ್ಕದಲ್ಲೇ ಮಲಗುವ ಕೊರಿಯಾದ ಮಕ್ಕಳಲ್ಲಿ ಇಂಥ ವಸ್ತುಗಳನ್ನು ಹಚ್ಚಿಕೊಂಡವರು ಕಡಿಮೆ. ನಮ್ಮ ಮನೆಗಳಲ್ಲೂ ಅಷ್ಟೇ ಅಲ್ವಾ? ಮಗು ದೊಡ್ಡವರ ಮಗ್ಗುಲಲ್ಲೇ ಮಲಗುತ್ತದೆ. ಅಮ್ಮನ ಕಿವಿ ಹಿಡಿದುಕೊಳ್ಳುತ್ತದೆ, ಜಡೆ ಹಿಡಿದುಕೊಳ್ಳುತ್ತದೆ, ಅಜ್ಜಿಯ ಸೆರಗು ಹಿಡಿದುಕೊಳ್ಳುತ್ತದೆ. ಮನುಷ್ಯರೇ ಇರುವಾಗ ವಸ್ತು ಯಾಕೆ ಬೇಕು? ಆದರೆ ನಿಮ್ಮ ಪಾಪುವಿಗೆ ಆ ಮನುಷ್ಯರೇ ಇದ್ದಕ್ಕಿದ್ದ ಹಾಗೆ ಊರಿಗೆ ಹೋಗಿಬಿಟ್ಟಿದ್ದಾರೆ. ಎರಡು ವರ್ಷದ ಮಗುವಿಗೆ ಮಂಡಿ ಆಪರೇಷನ್ ಅಂದರೆ ಏನು ಗೊತ್ತು? ಅವಳದ್ದು ಹಟವಲ್ಲ. ಅವಳಿಗೆ ಅಜ್ಜಿ ಬೇಕು.

ರಾತ್ರಿ ಎದ್ದು ಅಳುವುದಕ್ಕೂ ಇದಕ್ಕೂ ಸಂಬಂಧವಿದೆ. ನಾವೆಲ್ಲರೂ ರಾತ್ರಿ ಹಲವು ಸಲ ಅರೆ ಎಚ್ಚರವಾಗುತ್ತೇವೆ. ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ, ಬೆಳಗ್ಗೆ ನೆನಪೂ ಇರುವುದಿಲ್ಲ. ಮಗು ಹಾಗೆ ಎಚ್ಚರವಾದಾಗ ನಿದ್ದೆ ಹತ್ತುವಾಗ ಇದ್ದದ್ದು ಈಗಲೂ ಇದೆಯಾ ಎಂದು ತಡಕುತ್ತದೆ. ಇದ್ದರೆ ಮತ್ತೆ ನಿದ್ದೆ, ಇಲ್ಲದಿದ್ದರೆ ಅಳು. ಹಾಡು ನೋಡುತ್ತಾ ಮಲಗಿದ ಮಗುವಿಗೆ ರಾತ್ರಿ ಎರಡು ಗಂಟೆಗೂ ಹಾಡು ಬೇಕು. ಫೋನ್ ಬೇಡ ಅನ್ನುವುದಕ್ಕೆ ನನಗೆ ಇದೊಂದೇ ಕಾರಣ ಸಾಕು. ಹಾಲಿನ ಬಾಟಲಿಯೂ ಹಾಗೆಯೇ, ಜೊತೆಗೆ ಹಲ್ಲು ಹುಳುಕಾಗುತ್ತದೆ. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲಿನದ್ದೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಹನ್ನೊಂದಕ್ಕೆ ಮಲಗಿ ಮಧ್ಯೆ ಮೂರು ಸಲ ಏಳುವ ನಿಮ್ಮ ಮಗಳಿಗೆ ಅಷ್ಟು ಸಿಗುತ್ತಿಲ್ಲ. ನಿಮಗೂ ಸಿಗುತ್ತಿಲ್ಲ, ಪಾಪ.

ಈಗ ಕೆಲಸದ ಮಾತು. ಅತ್ತೆಯವರ ಹತ್ತಿರ ಮನೆಯಲ್ಲಿ ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆ ಒಂದು ಇರುತ್ತದೆ. ಅದನ್ನು ಕೇಳಿ. ಜರಿ ಇರಬಾರದು, ಚುಚ್ಚುತ್ತದೆ. ಎರಡು ದಿನ ಉಟ್ಟು, ಒಗೆಯದೆ, ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ, ಬೆಂಗಳೂರಿಗೆ ಬರುವ ಯಾರ ಕೈಯಲ್ಲಾದರೂ ಕಳಿಸಲಿ. ಹುಟ್ಟಿ ಕೆಲವೇ ದಿನವಾದ ಕೂಸು ಕೂಡ ತಾಯಿಯ ವಾಸನೆಯ ಕಡೆಗೆ ತಲೆ ತಿರುಗಿಸುತ್ತದೆ ಎಂದು 1975ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ನಿಮ್ಮ ಮಗಳ ಮೂಗು ಅದಕ್ಕಿಂತ ಜಾಸ್ತಿ ಕಲಿತಿದೆ.

ಸೀರೆಯನ್ನು ಇಡಿಯಾಗಿ ಹಾಸಿಗೆಗೆ ಹಾಕಬೇಡಿ. ಉದ್ದ ಬಟ್ಟೆ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಕೈ ಒರೆಸುವ ಟವೆಲಿನಷ್ಟು ಚಿಕ್ಕ ಚೂರುಗಳನ್ನು ಕತ್ತರಿಸಿ. ಪ್ರತಿ ಚೂರಿನಲ್ಲೂ ಸೀರೆಯ ಅಂಚು ಒಂದು ಕಡೆ ಬರಲೇಬೇಕು, ಅವಳು ಹೊಸೆಯುವುದು ಅದನ್ನೇ. ಕತ್ತರಿಸಿದ ಕಡೆ ಮಾತ್ರ ಮಡಚಿ ಹೊಲಿಸಿ, ಫಾಲ್ ಹಾಕುವವರ ಹತ್ತಿರ ಕೊಟ್ಟರೆ ಮಾಡಿಕೊಡುತ್ತಾರೆ. ದಾರ ಜೋತಾಡಬಾರದು. ಗುಂಡಿ, ಮಣಿ, ಲೇಸು ಯಾವುದೂ ಬೇಡ.

ನಾಲ್ಕು ಚೂರಾದರೂ ಮಾಡಿ. ಮೊದಲ ದಿನದಿಂದಲೇ ಎರಡನ್ನು ಬದಲಿಸಿ ಬದಲಿಸಿ ಕೊಡಿ. ಎರಡೂ ಒಂದೇ ಥರ ಸವೆಯಬೇಕು, ಒಂದೇ ವಾಸನೆ ಬರಬೇಕು. ಕಳೆದ ಮೇಲೆ ಅಂಥದ್ದೇ ಇನ್ನೊಂದು ತಂದರಾಯಿತು ಅಂದುಕೊಳ್ಳಬೇಡಿ. ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ ಎಂಬ ಇಬ್ಬರು ಮನೋವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವಸ್ತುಗಳ ನಕಲು ಮಾಡುವ ಯಂತ್ರ ಇದು ಎಂದು ಚಿಕ್ಕ ಮಕ್ಕಳಿಗೆ ಒಂದು ಪೆಟ್ಟಿಗೆ ತೋರಿಸಿದರು. ತಮ್ಮ ಪ್ರೀತಿಯ ಗೊಂಬೆಯ ನಕಲನ್ನು ಹೆಚ್ಚಿನ ಮಕ್ಕಳು ಒಪ್ಪಲಿಲ್ಲ, ತಮ್ಮದೇ ಬೇಕೆಂದರು. ಕೆಲವರು ಆ ಪೆಟ್ಟಿಗೆಯೊಳಗೆ ಗೊಂಬೆಯನ್ನು ಇಡಲೇ ಬಿಡಲಿಲ್ಲ. ಅದಕ್ಕೇ ಎರಡೂ ಮೊದಲಿನಿಂದ 'ಅದೇ' ಆಗಿರಬೇಕು. ಮೂರನೆಯದು ಪ್ಲೇಹೋಮಿನ ಬ್ಯಾಗಿಗೆ. ನಾಲ್ಕನೆಯದು ಒಗೆಯದೆ ಕವರಿನಲ್ಲೇ ಇರಲಿ.

ಒಗೆಯುವುದೇ ಬೇಡವಾ ಅಂದರೆ, ಮೊದಲ ಎರಡು ವಾರ ಬೇಡ. ಆಮೇಲೆ ವಾರಕ್ಕೆ ಒಂದನ್ನು, ಇನ್ನೊಂದು ಅವಳ ಕೈಯಲ್ಲಿರುವಾಗ, ಮಾಮೂಲಿ ಸೋಪಿನಲ್ಲಿ ಒಗೆಯಿರಿ. ಘಮಘಮ ಮಾಡುವುದು ಯಾವುದೂ ಬೇಡ. ಒಗೆದದ್ದನ್ನು ಒಂದು ರಾತ್ರಿ ನಿಮ್ಮ ದಿಂಬಿನ ಕೆಳಗಿಟ್ಟುಕೊಂಡು ಆಮೇಲೆ ಕೊಡಿ. ಅಜ್ಜಿಯ ವಾಸನೆಯ ಜಾಗಕ್ಕೆ ನಿಧಾನವಾಗಿ ನಿಮ್ಮದು ಬರುತ್ತದೆ. ನಿಮಗೆ ಬೇಕಾಗಿರುವುದೂ ಅದೇ ಅಲ್ವಾ?

ಮಗುವಿನ ಕೈಗೆ ಬಟ್ಟೆ ಕೊಟ್ಟು ದೀಪ ಆರಿಸಿ ಹೊರಗೆ ಬರುವುದಲ್ಲ. ಮೊದಲು ಹಗಲು ಹೊತ್ತಿನಲ್ಲಿ ಕೊಡಿ. ಇದು ಯಾರದ್ದು ಅಂತ ಕೇಳಿ. ಅವಳೇ ಹೇಳುತ್ತಾಳೆ. ಸಂಜೆ ಊಟಕ್ಕೆ ಮೊದಲು ಅಜ್ಜಿಗೆ ವಿಡಿಯೋ ಕಾಲ್ ಮಾಡಿ ಅದನ್ನೇ ತೋರಿಸಿ, ಹಾಸಿಗೆಯ ಮೇಲೆ ಮಾತ್ರ ಕಾಲ್ ಬೇಡ. ರಾತ್ರಿ ಪಕ್ಕದಲ್ಲಿ ಮಲಗಿ, ಬಟ್ಟೆ ನಿಮ್ಮಿಬ್ಬರ ನಡುವೆ ಇರಲಿ, ಅಜ್ಜಿ ಹಾಡುತ್ತಿದ್ದ ಜೋಗುಳ ಬಂದರೆ ಅದನ್ನೇ ಹಾಡಿ. ಮೂರೇ ದಿನಕ್ಕೆ ಸರಿಹೋಗದಿದ್ದರೆ ಕೈಬಿಡಬೇಡಿ.

ಟೆಡ್ಡಿಯನ್ನು ಸದ್ಯಕ್ಕೆ ಎತ್ತಿಡಿ. ಬಹುಶಃ ಅದು ಅವಳಿಗಿಂತಲೂ ದೊಡ್ಡದು. ಬೆಂಗಳೂರಿನ ಧೂಳಿಗೆ, ಮಳೆಗಾಲದ ತೇವಕ್ಕೆ ರೋಮದ ಗೊಂಬೆಗಳಲ್ಲಿ ಧೂಳಿನ ನುಸಿ ಸೇರುತ್ತದೆ, ವೀಸಿಂಗ್ ಇರುವ ಮಕ್ಕಳಿಗೆ ಅದು ಆಗುವುದಿಲ್ಲ. ಚನ್ನಪಟ್ಟಣದ ಗೊಂಬೆ ನನಗೂ ಪ್ರಾಣ. ಹಾಲೆ ಮರ, ಅರಗಿನ ಬಣ್ಣ, ಆ ನುಣುಪು! ಹಗಲು ಆಡಲಿ. ಹಾಸಿಗೆಗೆ ಮಾತ್ರ ಮರ ಬೇಡ, ನಿದ್ದೆಗಣ್ಣಲ್ಲಿ ತಲೆಗೆ ತಗಲುತ್ತದೆ. ಅಂಗಡಿಯ ಗೊಂಬೆಯೇ ಬೇಕೆನ್ನುವ ಬೇರೆ ಓದುಗರಿಗೆ: ಅಂಗೈ ಹಿಡಿಯುವಷ್ಟು ಚಿಕ್ಕದು, ಕಣ್ಣು ಮೂಗು ದಾರದಲ್ಲೇ ಹೊಲಿದದ್ದು, ಐಎಸ್‌ಐ ಗುರುತು ಇರುವುದು. ಆಟಿಕೆಗಳಿಗೆ 2021ರ ಜನವರಿಯಿಂದ ಆ ಗುರುತು ಕಡ್ಡಾಯ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ನಿಮ್ಮ ಪತ್ರ ಓದಿ ಐದು ತಿಂಗಳ ಕೂಸಿನ ತೊಟ್ಟಿಲಿಗೆ ಯಾರೂ ಸೀರೆ ಚೂರು ಹಾಕಬಾರದು. ಒಂದು ವರ್ಷದೊಳಗಿನ ಮಗು ಮಲಗುವ ಕಡೆ ಸಡಿಲ ಬಟ್ಟೆ, ದಿಂಬು, ಗೊಂಬೆ ಯಾವುದೂ ಇರಕೂಡದು. ಮುಖದ ಮೇಲೆ ಬಿದ್ದರೆ ಅದಕ್ಕೆ ಸರಿಸಲು ಬರುವುದಿಲ್ಲ, ಉಸಿರು ಕಟ್ಟುತ್ತದೆ. ಅಂಗಾತ ಮಲಗಿಸಿ, ಅಷ್ಟೇ. ನಿಮ್ಮ ಮಗಳ ವಯಸ್ಸಿಗೆ ಆ ಭಯವಿಲ್ಲ.

ಇನ್ನು ನಿಮ್ಮವರ ಮಾತು. ಅವರ ಚಿಂತೆ ತಪ್ಪಲ್ಲ, ಆದರೆ ಹೆಚ್ಚಿನ ಮಕ್ಕಳು ಶಾಲೆಯ ವಯಸ್ಸಿನಲ್ಲಿ ತಾವಾಗಿಯೇ ಬಿಡುತ್ತಾರೆ. ಬಿಡಿಸಬೇಕು ಅಂತ ಕಿತ್ತುಕೊಂಡರೇ ಕಷ್ಟ. ಪರ ಊರಿನ ದಿಂಬಿನಲ್ಲಿ ದೊಡ್ಡವರಿಗೇ ನಿದ್ದೆ ಬರುವುದಿಲ್ಲ, ಮಗುವಿಗೆ ಹೇಗೆ ಬಂದೀತು ಅಂತ ಅವರಿಗೆ ಹೇಳಿ. ನನ್ನ ಮಗ ಒಂದನೇ ಕ್ಲಾಸಿನಲ್ಲಿದ್ದಾಗ ಯಾವತ್ತೋ ಒಂದು ದಿನ 'ಮೂಲೆ'ಯನ್ನು ಕೇಳುವುದು ನಿಲ್ಲಿಸಿದ. ಯಾವತ್ತು ಅಂತ ನಾನು ಗಮನಿಸಲೇ ಇಲ್ಲ. ಅದು ಇನ್ನೂ ನನ್ನ ಬೀರುವಿನಲ್ಲಿದೆ.

ಎರಡು ಮೂರು ತಿಂಗಳಾದರೂ ನಿದ್ದೆ ಹೀಗೆಯೇ ಇದ್ದರೆ, ಗೊರಕೆ ಇದ್ದರೆ, ಹಗಲಲ್ಲೂ ಮಂಕಾಗಿದ್ದರೆ ನಿಮ್ಮ ಮಕ್ಕಳ ಡಾಕ್ಟರಿಗೆ ತೋರಿಸಿ.

ಮೊದಲು ಇವತ್ತೇ ಅತ್ತೆಯವರಿಗೆ ಫೋನ್ ಮಾಡಿ. ಪಾಪು ಏನನ್ನು ಹುಡುಕುತ್ತಿದ್ದಾಳೆ ಎಂದು ಹೇಳಿ, ಆಮೇಲೆ ಸೀರೆ ಕೇಳಿ. ಮೊಮ್ಮಗಳಿಗೆ ಕಳಿಸುವುದು ಅಂತ ಅವರು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕಳಿಸಿಬಿಟ್ಟಾರು. ಬೇಡವೆಂದು ಎರಡು ಸಲ ಹೇಳಿ.